ಪಿವಟ್, ಲೋಡ್, ಎಫರ್ಟ್ ಕಲಿಸಲು ಅಡಕೆ ಕತ್ತರಿ
ಲಿವರ್ (ಸನ್ನೆ) ಪಾಠದ ಪದಗಳಲ್ಲಿ ಮಕ್ಕಳಿಗೆ ಗೊಂದಲವಾದರೆ ಅಡಕೆ ಕತ್ತರಿ, ಕಾಗದ ಕತ್ತರಿಸುವ ಕತ್ತರಿ, ಹಪ್ಪಳ ಸುಡುವ ಚಿಮಟ ಮೂರಕ್ಕೂ ಬಣ್ಣದ ಸ್ಟಿಕರ್ ಅಂಟಿಸಿ: ಪಿವಟ್‌ಗೆ (ತಿರುಗುವ ಬಿಂದು) ಕೆಂಪು, ಲೋಡ್‌ಗೆ (ಕತ್ತರಿಸುವ ಅಥವಾ ಹಿಡಿಯುವ ವಸ್ತು ಇರುವ ಜಾಗ) ಹಳದಿ, ಎಫರ್ಟ್‌ಗೆ (ಕೈಯಿಂದ ಬಲ ಹಾಕುವ ಜಾಗ) ಹಸಿರು. ಉಡುಪಿ, ಮಂಗಳೂರು ಕಡೆ ಅಜ್ಜಿ ಇರುವ ಮನೆಯಲ್ಲಿ ಇವು ಸಿಕ್ಕೇ ಸಿಗುತ್ತವೆ, ಅಲ್ವಾ? ಕತ್ತರಿಯಲ್ಲಿ ನಡುವೆ ಬರುವುದು ಕೆಂಪು, ಅಡಕೆ ಕತ್ತರಿಯಲ್ಲಿ ಹಳದಿ, ಚಿಮಟದಲ್ಲಿ ಹಸಿರು. ಲಿವರ್‌ನ ಮೂರು ಬಗೆಗಳ ವ್ಯತ್ಯಾಸ ಇಷ್ಟೇ, ಸುಮ್ನೆ ಬಾಯಿಪಾಠ ಮಾಡಿಸಬೇಕಿಲ್ಲ. ಅಡಕೆಯನ್ನು ಪಿವಟ್ ಹತ್ತಿರ ಇಟ್ಟಷ್ಟೂ ಕಡಿಮೆ ಬಲ ಸಾಕು ಎಂಬುದನ್ನೂ ತೋರಿಸಿ. ಅಲಗು ಹರಿತ, ಕತ್ತರಿಸುವುದು ದೊಡ್ಡವರೇ. ಆಕ್ಸಲ್ (ಚಕ್ರದ ಅಚ್ಚು), ಗೇರ್ (ಹಲ್ಲಿನ ಚಕ್ರ) ಪದಗಳಿಗೆ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ಕೀ ಕೊಡುವ ಹಳೆಯ ಆಟಿಕೆ ಕಾರನ್ನು ಬಿಚ್ಚಿ ತೋರಿಸುವುದೇ ಒಳ್ಳೆಯದು.