ಮೈಗೆ ಹಚ್ಚುವುದರ ಮೂಲ ಹುಡುಕಿ ಆರಿಸಿದ ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಮನೆಯಲ್ಲಿ ಮೈಗೆ ಹಚ್ಚುವ ಎಣ್ಣೆ ಮತ್ತು ಕಸ್ತೂರಿ ಅರಿಶಿನದ ಪುಡಿ ಮಾಡಿ ಮಾರುತ್ತೇನೆ. ಬೆಳೆದ ಜಾಗ ನೋಡದೆ ಒಂದು ಹಿಡಿ ಮಾಲನ್ನೂ ಕೊಳ್ಳುವುದಿಲ್ಲ ಎಂದು ಮೊದಲು ಹೇಳಿದಾಗ, ಇಷ್ಟು ಸೂಕ್ಷ್ಮ ನೋಡಿದರೆ ವ್ಯಾಪಾರ ನಡೆಯದು ಎಂದವರೇ ಹೆಚ್ಚು. ಈಗ ಅವರಲ್ಲಿ ಕೆಲವರು ನನ್ನಲ್ಲಿಂದಲೇ ಎಣ್ಣೆ ಒಯ್ಯುತ್ತಾರೆ. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಕಂಡ ನಮ್ಮ ಎಣ್ಮಕಜೆ ಪಂಚಾಯತಿನವರಿಗೆ, ಇದು ಯಾವ ಮಣ್ಣಿನದು ಎಂದು ಕೇಳುವುದು ಅತಿಯೆನಿಸದು.

ಹೆಚ್ಚು ಹಣ ಹೋದದ್ದು ಕಸ್ತೂರಿ ಅರಿಶಿನದಲ್ಲಿ. ಒಬ್ಬ ಸಗಟು ವ್ಯಾಪಾರಿ ಕಳುಹಿಸಿದ ಪುಡಿ ಕಣ್ಣು ಕುಕ್ಕುವ ಹಳದಿಯಾಗಿತ್ತು. ಗಿರಾಕಿಗಳ ಬೈರಾಸು, ದಿಂಬಿನ ಬಟ್ಟೆಗಳೆಲ್ಲ ಕಲೆಯಾಗಿ, ಸುಮಾರು 8,000 ರೂಪಾಯಿಯ ಮಾಲು ಗೊಬ್ಬರದ ಗುಂಡಿ ಸೇರಿತು. ಕೇರಳದ ಪೇಟೆಗಳಲ್ಲಿ ಕಸ್ತೂರಿಯ ಹೆಸರಿನಲ್ಲಿ ಮಂಞಕ್ಕೂವ ಎಂಬ ಬೇರೊಂದು ಗಡ್ಡೆಯ ಪುಡಿ ಧಾರಾಳವಾಗಿ ಮಾರಾಟವಾಗುತ್ತದೆ. ನಿಜವಾದ ಕಸ್ತೂರಿಯ ಗಡ್ಡೆಯನ್ನು ಕೊಯ್ದರೆ ಒಳಗೆ ಕೆನೆಬಣ್ಣ, ಕರ್ಪೂರದಂತಹ ಪರಿಮಳ. ಹಚ್ಚಿ ತೊಳೆದ ಮೇಲೆ ಮುಖದಲ್ಲಿ ಹಳದಿ ಉಳಿಯದು. ಹಾಗಾಗಿ ಪುಡಿ ಕೊಳ್ಳುವುದನ್ನೇ ನಿಲ್ಲಿಸಿ, ಎಲೆ ಒಣಗಿದ ಮೇಲೆ ಕಿತ್ತ ಗಡ್ಡೆಯನ್ನು ಬದಿಯಡ್ಕದ ಕಡೆಯ ಇಬ್ಬರು ಕೃಷಿಕರಿಂದ ತಂದು, ನನ್ನೆದುರೇ ಕೊಯ್ದು ನೋಡಿ ತೂಕ ಮಾಡಿಸುತ್ತೇನೆ. ಐದಾರು ಕಿಲೋ ಹಸಿ ಗಡ್ಡೆಗೆ ಒಂದು ಕಿಲೋ ಪುಡಿ ಸಿಕ್ಕರೆ ಹೆಚ್ಚು.

ಎಣ್ಣೆಗೆ ಕೊಬ್ಬರಿಯನ್ನು ನಾನು ಮುಟ್ಟುವುದಿಲ್ಲ, ಏಕೆಂದರೆ ಬೂಷ್ಟು ಹಿಡಿಯದಿರಲೆಂದು ಗಂಧಕದ ಹೊಗೆ ಹಾಕಿದ್ದು ಯಾವುದು, ಬಿಸಿಲಲ್ಲೇ ಒಣಗಿದ್ದು ಯಾವುದು ಎಂದು ಗಾಣದವರೂ ಖಚಿತವಾಗಿ ಹೇಳಲಾರರು. ಕಾಯಿಹಾಲು ಹಿಂಡಿ ಉರುಳಿಯೆಂಬ ಅಗಲ ಪಾತ್ರೆಯಲ್ಲಿ ಕಾಯಿಸಿದರೆ ಲೀಟರಿಗೆ ಹದಿನೈದರಷ್ಟು ಕಾಯಿ ಬೇಕು. 2025ರಲ್ಲಿ ಕಾಯಿ ಕಿಲೋಗೆ 60 ರೂಪಾಯಿ ದಾಟಿದಾಗ ಎಣ್ಣೆಯ ದರವನ್ನು 700ಕ್ಕೆ ಏರಿಸಲೇಬೇಕಾಯಿತು, ಆದರೂ ಹಳೆಯ ಗಿರಾಕಿ ಒಬ್ಬರೂ ಬಿಡಲಿಲ್ಲ. ಇಳಿಸಿದ ಎಣ್ಣೆಯಲ್ಲಿ ಬತ್ತಿ ಅದ್ದಿ ಹಚ್ಚಿದಾಗ ಚಟಪಟ ಸದ್ದು ಬಂದರೆ ನೀರಿನಂಶ ಇದೆಯೆಂದೇ ಅರ್ಥ. ಅಂಥದ್ದು ಬೇಗ ಕನರು ವಾಸನೆ ಹಿಡಿಯುತ್ತದೆ. ಗಸಿ ಕಂದು ತಿರುಗುವ ಹೊತ್ತಿಗೆ ನಾನು ಹಾಕುವ ಎಲೆಯ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಅಂಗಡಿಯ ಕ್ರೀಮನ್ನೂ ಹೀಗೆಯೇ ಆರಿಸುತ್ತೇನೆ. ನೂರಕ್ಕೆ ಒಂದಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲೇ ಮುದ್ರಿಸಬೇಕೆಂಬ ನಿಯಮವಿರುವುದರಿಂದ, ಡಬ್ಬದ ಮುಂದೆ ಅರಿಶಿನದ ಚಿತ್ರವಿದ್ದು ಹಿಂದಿನ ಪಟ್ಟಿಯಲ್ಲಿ ಲಿಕ್ವಿಡ್ ಪ್ಯಾರಫಿನ್ ಎಂಬ ಪೆಟ್ರೋಲಿಯಂ ಎಣ್ಣೆ ಮೊದಲು, ಅರಿಶಿನ ಸುಗಂಧದ ಪಕ್ಕದಲ್ಲಿ ಕೊನೆಗೆ ಬಂದಿದ್ದರೆ ಅದನ್ನು ಅಲ್ಲೇ ಇಡುತ್ತೇನೆ.

ನಡುವೆ ಪುನರ್ಪುಳಿಯ (ಕೋಕಂ) ಬೀಜದ ಮೇಲೂ ಕೈಯಾಡಿಸಿದೆ. ಶರಬತ್ತಿಗೆ ಸಿಪ್ಪೆ ತೆಗೆದು ಎಸೆಯುವ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ತುಪ್ಪ ನಮ್ಮ ಸೆಕೆಯಲ್ಲೂ ಗಟ್ಟಿಯಾಗಿಯೇ ನಿಲ್ಲುತ್ತದೆ, ಒಡೆದ ಹಿಮ್ಮಡಿಗೆ ಬಹಳ ಒಳ್ಳೆಯದು. ಅದೊಂದನ್ನೇ ಹಚ್ಚಿದರೆ ತರಿತರಿಯಾಗುತ್ತದೆ. ಕಾಲು ಪಾಲು ತೆಂಗಿನೆಣ್ಣೆ ಬೆರೆಸಿದ ಮೇಲೆ ಹದವಾಯಿತು. ಸಣ್ಣ ಡಬ್ಬಕ್ಕೆ 120 ರೂಪಾಯಿ ಇಟ್ಟಿದ್ದೇನೆ, ಹಣ್ಣಿನ ಕಾಲದಲ್ಲಿ ಮಾತ್ರ ಮಾಡುತ್ತೇನೆ.