ಅಷ್ಟೇ ವೇಗ, ಎತ್ತರದ ಕಮಾನು: ಫ್ರೀ ಥ್ರೋ ತಿದ್ದಿಕೊಂಡ ನನ್ನ ಅನುಭವ

ಬ್ಯಾಸ್ಕೆಟ್‌ಬಾಲ್‌ನ ಫ್ರೀ ಥ್ರೋದಲ್ಲಿ, ಅಂದರೆ ಯಾರ ಅಡ್ಡಿಯೂ ಇಲ್ಲದೆ ಗೆರೆಯ ಹಿಂದೆ ನಿಂತು ಎಸೆಯುವ ಎಸೆತದಲ್ಲಿ, ಚೆಂಡನ್ನು ಎತ್ತರಕ್ಕೆ ಎಸೆದರೆ ತೋಳು ದಣಿಯುತ್ತದೆ, ಹಿಡಿತವೂ ತಪ್ಪುತ್ತದೆ ಎಂದು ತಂಡದವರೆಲ್ಲ ಹೇಳುತ್ತಿದ್ದರು. ಹತ್ತಕ್ಕೆ ಐದಾರು ಬೀಳುತ್ತಿದ್ದ ನನ್ನ ಎಸೆತಗಳು ಈಗ ಎಂಟರ ಆಸುಪಾಸಿನಲ್ಲಿ ಬೀಳುತ್ತಿವೆ, ಹೇಳುತ್ತಿದ್ದವರಲ್ಲಿ ಇಬ್ಬರು ನಾನು ಅಭ್ಯಾಸಕ್ಕೆ ಕಟ್ಟುವ ಹಗ್ಗವನ್ನೇ ಕೇಳಿ ಒಯ್ದಿದ್ದಾರೆ.

ನನ್ನ ಕೈಯಿಂದ ಚೆಂಡು ಹೊರಡುವ ಎತ್ತರ ಸುಮಾರು 2.1 ಮೀಟರ್. ರಿಂಗ್ 3.05 ಮೀಟರ್ ಎತ್ತರದಲ್ಲಿ, 4.2 ಮೀಟರ್ ದೂರದಲ್ಲಿ ಇದೆ ಎಂದು ಹಿಡಿದರೆ, 45 ಡಿಗ್ರಿಯ ಎಸೆತಕ್ಕೂ 57 ಡಿಗ್ರಿಯ ಎಸೆತಕ್ಕೂ ಬೇಕಾದ ವೇಗ ಹೆಚ್ಚುಕಡಿಮೆ ಒಂದೇ, ಸೆಕೆಂಡಿಗೆ 7.3 ಮೀಟರ್. ಆದರೆ 45ರಲ್ಲಿ ಹೊರಟ ಚೆಂಡು ರಿಂಗಿಗೆ 29 ಡಿಗ್ರಿಯಲ್ಲಿ ಇಳಿಯುವುದರಿಂದ, 45 ಸೆಂಟಿಮೀಟರ್ ಅಗಲದ ಬಾಯಿ ಅದರ ಪಾಲಿಗೆ 22 ಸೆಂಟಿಮೀಟರಿನಷ್ಟೇ ತೆರೆದಿರುತ್ತದೆ, 24 ಸೆಂಟಿಮೀಟರಿನ ಚೆಂಡು ಕಬ್ಬಿಣವನ್ನು ತಾಗದೆ ಒಳಹೋಗಲು ಸಾಧ್ಯವೇ ಇಲ್ಲ. 57ರಲ್ಲಿ ಹೊರಟರೆ ಇಳಿಯುವ ಕೋನ 47ರ ಹತ್ತಿರ, ತೆರವು 33 ಸೆಂಟಿಮೀಟರ್. ವೇಗ ಒಂದೇ ಆದ್ದರಿಂದ ದಣಿವಿನ ಮಾತು ಇಲ್ಲಿಗೇ ಮುಗಿಯಿತು.

ಲೆಕ್ಕ ಸುಲಭವಾಗಿತ್ತು, ಕೈ ಮಾತ್ರ ಕೇಳಲಿಲ್ಲ. ಮೊದಲ ಕೆಲವು ವಾರ ಮೊಣಕೈಯನ್ನಷ್ಟೇ ಮೇಲೆತ್ತಿದಾಗ ಚೆಂಡು ನೆಟ್ಟಗೆ ಏರಿ ರಿಂಗಿನ ಮುಂದೆಯೇ ಬೀಳುತ್ತಿತ್ತು. ಬಳಿಕ ಕೋನ ತೋರಿಸುವ ಸಂವೇದಕದ ಚೆಂಡೊಂದನ್ನು ಕೊಂಡೆ; ಎರಡು ಜೊತೆ ಒಳ್ಳೆಯ ಶೂ ಬರುವಷ್ಟು ಹಣ ಹೋಯಿತು. ಅದು ಕೋನ ಎಷ್ಟೆಂದು ಹೇಳುತ್ತಿತ್ತೇ ಹೊರತು ಏಕೆ ತಪ್ಪಿತೆಂದು ಹೇಳುತ್ತಿರಲಿಲ್ಲ. ಕೊನೆಗೆ ನೆರವಾದದ್ದು ಬಟ್ಟೆ ಒಣಗಿಸುವ ಹಗ್ಗ ಮತ್ತು ಫೋನಿನ ಸ್ಲೋ ಮೋಷನ್. ಗೆರೆಯಿಂದ ಎರಡೂವರೆ ಮೀಟರ್ ಮುಂದೆ, 3.7 ಮೀಟರ್ ಎತ್ತರದಲ್ಲಿ ಹಗ್ಗ ಕಟ್ಟಿದರೆ 57ರ ಚೆಂಡು ಅದರ ಮೇಲಿನಿಂದಲೂ 45ರದು ಕೆಳಗಿನಿಂದಲೂ ಹಾದುಹೋಗುತ್ತದೆ. ಫೋನನ್ನು ಎಸೆತದ ದಾರಿಗೆ ನೇರ ಅಡ್ಡವಾಗಿ, ಆದಷ್ಟು ದೂರದಲ್ಲಿ ಇಡಬೇಕು. ಅಳತೆಗೆ ಚೆಂಡಿನ ವ್ಯಾಸವೇ ಸಾಕು.

ವಿಡಿಯೋದಲ್ಲಿ ಕಂಡದ್ದೇನೆಂದರೆ, ನನ್ನ ನಿಜವಾದ ತೊಂದರೆ ಇದ್ದದ್ದು ವೇಗದಲ್ಲಿ. ಈ ಕಮಾನಿನಲ್ಲಿ ವೇಗ ನೂರಕ್ಕೆ ಒಂದರಷ್ಟು ಹೆಚ್ಚುಕಡಿಮೆಯಾದರೂ ಚೆಂಡು ಹತ್ತು ಸೆಂಟಿಮೀಟರ್ ಆಚೀಚೆ ಬೀಳುತ್ತದೆ, ಆದರೆ ರಿಂಗನ್ನು ತಾಗದೆ ಒಳಹೋಗಲು ಇರುವ ಅವಕಾಶ ಆಚೆಗೂ ಈಚೆಗೂ ಆರಾರು ಸೆಂಟಿಮೀಟರ್ ಅಷ್ಟೆ. ಮೊಣಕಾಲಿನ ಬಾಗುವಿಕೆಯನ್ನು ಪ್ರತಿ ಸಲವೂ ಒಂದೇ ಸಮನಾಗಿಟ್ಟು, ತೋಳಿಗೆ ದಿಕ್ಕಿನ ಕೆಲಸವನ್ನಷ್ಟೇ ಬಿಟ್ಟಾಗ ವೇಗ ಹಿಡಿತಕ್ಕೆ ಬಂತು. ಉಳಿದ ತಪ್ಪನ್ನು ಬ್ಯಾಕ್‌ಸ್ಪಿನ್, ಅಂದರೆ ಚೆಂಡಿನ ಹಿಮ್ಮುಖ ಸುತ್ತು, ಮುಚ್ಚುತ್ತದೆ, ಏಕೆಂದರೆ ಹಿಂದಿನ ಅಂಚಿಗೆ ಬಡಿದ ಚೆಂಡಿನ ಮುನ್ನುಗ್ಗುವಿಕೆಯನ್ನು ಅದು ತಗ್ಗಿಸುತ್ತದೆ. ಚೆಂಡಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಎಣಿಸಿದರೆ, ಸುಮಾರು ಒಂದು ಸೆಕೆಂಡಿನ ಹಾರಾಟದಲ್ಲಿ ಮೂರು ಸುತ್ತು ಸಿಗಬೇಕು. ಅದಕ್ಕಾಗಿ ಬೆರಳುಗಳನ್ನು ನಾನು ಹೇಗೆ ಬಿಡುತ್ತೇನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಎರಡು ಕೈಗಳಿಂದ ಕೆಳಗಿನಿಂದ ಎಸೆಯುವುದನ್ನೂ ಪ್ರಯತ್ನಿಸಿದೆ. 1962ರಲ್ಲಿ ಅಮೆರಿಕದ ಆಟಗಾರ ವಿಲ್ಟ್ ಚೇಂಬರ್ಲೇನ್ ನೂರು ಅಂಕ ಗಳಿಸಿದ ಪಂದ್ಯದಲ್ಲಿ ಹೀಗೆಯೇ ಎಸೆದು 32ರಲ್ಲಿ 28 ಫ್ರೀ ಥ್ರೋ ಹಾಕಿದ್ದರು. ಸ್ಪಿನ್ ಸೊಗಸಾಗಿ ಬಂತು, ಆದರೆ ಚೆಂಡು ಸೊಂಟದ ಮಟ್ಟದಿಂದ ಹೊರಡುವುದರಿಂದ ಏರಬೇಕಾದ ಎತ್ತರ ಹೆಚ್ಚಿ ನನ್ನ ಲೆಕ್ಕವೆಲ್ಲ ಬದಲಾಯಿತು, ಹಾಗಾಗಿ ಬಿಟ್ಟೆ. 65 ಡಿಗ್ರಿಯನ್ನೂ ನೋಡಿದೆ. ಅಲ್ಲಿ ವೇಗ ನೂರಕ್ಕೆ ಆರೇಳರಷ್ಟು ಹೆಚ್ಚು ಬೇಕು, ತಂಡದವರು ಹೇಳಿದ ದಣಿವು ಅಲ್ಲಿ ನಿಜವೇ.

ಈಗ 6.75 ಮೀಟರಿನ ಮೂರು ಅಂಕದ ಗೆರೆಯಿಂದ ಅಭ್ಯಾಸ ನಡೆದಿದೆ, ಹಗ್ಗವನ್ನು ಅಲ್ಲಿಗೆ ತಕ್ಕಂತೆ ಮತ್ತೆ ಕಟ್ಟಬೇಕಿದೆ.