ಸ್ಕಾಲರ್‌ಶಿಪ್ ಅಂದ ಕೂಡಲೇ ದುಡ್ಡು ಕಟ್ಟಬೇಡಿ: ತುಮಕೂರಿಗೆ ಹೊಸದಾಗಿ ಬಂದವರಿಗೆ

ವಸಂತನರಸಾಪುರದ ಫ್ಯಾಕ್ಟರಿಗಳಿಗೆ, ಗುಬ್ಬಿ ಕಡೆಯ ಎಚ್‌ಎಎಲ್‌ಗೆ ಕೆಲಸಕ್ಕೆಂದು ಬಂದವರು ಮೊದಲು ನಮ್ಮ ಸಂಘದಲ್ಲಿ ಕೇಳುವುದು ಬಾಡಿಗೆ ಮನೆ, ಗ್ಯಾಸು. ಪಿಯುಸಿ ರಿಸಲ್ಟ್ ಬಂತೆಂದರೆ ಪ್ರಶ್ನೆಯೇ ಬೇರೆ. "ಕಾಲೇಜಿನವರು ಅರ್ಧ ಫೀಸ್ ಬಿಡ್ತಾರಂತೆ ಸಾರ್, ನಾಳೆಯೊಳಗೆ ಕಟ್ಟಬೇಕಂತೆ."

ನಾಳೆ ಅನ್ನುವುದು ಕಾಲೇಜು ಹಾಕಿದ ಗಡುವು. ನಿಮಗೆ ಬೇಕಾದ ತಾರೀಖು ಬೇರೆ ಇದೆ: ಆ ಕೋರ್ಸಿಗೆ ಸೇರಲು ಅಧಿಕೃತವಾಗಿ ಪ್ರಕಟಿಸಿದ ಕೊನೆಯ ದಿನ. ಅದನ್ನು ಕೇಳಿ ಬರೆದಿಟ್ಟುಕೊಳ್ಳಿ. ಫೀಸ್ ವಾಪಸ್ ಲೆಕ್ಕವೆಲ್ಲ ಅಲ್ಲಿಂದಲೇ ಶುರು.

ಆಮೇಲೆ ಪತ್ರ ಕೇಳಿ. ಬಾಯಿಮಾತಿನ ಸ್ಕಾಲರ್‌ಶಿಪ್ ಎರಡನೇ ವರ್ಷ ಯಾರಿಗೂ ನೆನಪಿರುವುದಿಲ್ಲ. ರಿಯಾಯಿತಿ ಒಂದೇ ವರ್ಷಕ್ಕೋ ನಾಲ್ಕೂ ವರ್ಷಕ್ಕೋ? ಬರೀ ಟ್ಯೂಷನ್ ಫೀಸಿಗೋ, ಹಾಸ್ಟೆಲ್, ಬಸ್ಸಿಗೂ ಸೇರಿಯೋ? ಒಂದು ಸೆಮಿಸ್ಟರ್‌ನಲ್ಲಿ ಮಾರ್ಕ್ಸ್ ಕಡಿಮೆಯಾದರೆ ಕಟ್ಟಾಗುತ್ತದೆಯೇ? ನಡುವೆ ಬಿಟ್ಟರೆ ಕೊಟ್ಟಿದ್ದನ್ನು ವಾಪಸ್ ಕೇಳುತ್ತಾರೆಯೇ? ಇಷ್ಟನ್ನು ಲೆಟರ್‌ಹೆಡ್‌ನಲ್ಲಿ ಬರೆದುಕೊಡಲು ಒಪ್ಪದ ಕಾಲೇಜಿಗೆ ಅವಸರ ಜಾಸ್ತಿ ಅಂತ ನಾನಂತೂ ತಿಳಿಯುತ್ತೇನೆ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ವಿಷಯದಲ್ಲಿ ನಾನೇ ಪಾಠ ಕಲಿತಿದ್ದೇನೆ. ನನ್ನ ತಂಗಿಯ ಮಗ ಒಂದು ಖಾಸಗಿ ಕಾಲೇಜಿನಲ್ಲಿ ಅಡ್ವಾನ್ಸ್ ಕಟ್ಟಿ, ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ ಒರಿಜಿನಲ್ ಕೊಟ್ಟುಬಂದ. ಮುಂದೆ ಸಿಇಟಿಯಲ್ಲಿ ಬೇರೆ ಕಡೆ ಸೀಟು ಸಿಕ್ಕಿತು. ಪೂರ್ತಿ ಕೋರ್ಸಿನ ಫೀಸ್ ಕಟ್ಟಿದರೆ ಮಾತ್ರ ಕಾರ್ಡ್ ಅಂದರು. ಎರಡು ಸಲ ಸುಮ್ನೆ ಹೋಗಿ ಬಂದೆವು. ಮೂರನೇ ಸಲ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮ ಹೆಸರಿಸಿ ಅರ್ಜಿ ಬರೆದು, ಎರಡನೇ ಪ್ರತಿಗೆ ಸೀಲ್ ಹಾಕಿಕೊಡಿ ಅಂದೆ. ಗುಮಾಸ್ತ ಸೀಲ್ ಹಾಕಲಿಲ್ಲ. ಒಳಗೆ ಹೋಗಿ ಬಂದು ಬೀರು ತೆಗೆದ. ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಕಟ್ಟಿನಿಂದ ನಮ್ಮವೆರಡನ್ನು ಎಳೆದು ಕೊಟ್ಟ. ಉಳಿದವು ಯಾರ ಮಕ್ಕಳದೋ!

ಆ ನಿಯಮ ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ್ದು. ಒರಿಜಿನಲ್‌ಗಳನ್ನು ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ನಡೆಯುವ ಸೆಮಿಸ್ಟರ್ ಅಥವಾ ವರ್ಷದ ಫೀಸ್ ಬಿಟ್ಟು ಮುಂದಿನದನ್ನು ಮುಂಗಡವಾಗಿ ಕೇಳುವಂತಿಲ್ಲ. ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಇರುವಾಗ ಬಿಟ್ಟರೆ ಪೂರ್ತಿ ಫೀಸ್ ವಾಪಸ್, ಅದರಲ್ಲಿ ಶೇ. 5ರವರೆಗೆ, ಹೆಚ್ಚೆಂದರೆ 5,000 ರೂಪಾಯಿ ಮುರಿದುಕೊಳ್ಳಬಹುದು. 15 ದಿನಕ್ಕಿಂತ ಕಡಿಮೆ ಇದ್ದರೆ ಶೇ. 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50, ಆಮೇಲೆ ಸೊನ್ನೆ. ಅರ್ಜಿ ಕೊಟ್ಟ 15 ದಿನದಲ್ಲಿ ದುಡ್ಡು ಬರಬೇಕು. ಕೆಲವು ವರ್ಷ ಇದಕ್ಕಿಂತ ಒಳ್ಳೆಯ ಸುತ್ತೋಲೆಯೂ ಬರುತ್ತದೆ: 2024-25ಕ್ಕೆ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ತಿ ವಾಪಸ್ ಎಂದಿತ್ತು. ಕೊಡದಿದ್ದರೆ ಮೊದಲು ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಸಮಿತಿ, ಆಮೇಲೆ ವಿದ್ಯಾರ್ಥಿಗಳ ದೂರು ಕೇಳುವ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್.

ಕೆಇಎ (ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಬಂದವರು ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಒತ್ತುವ ಮುನ್ನ ಮನೆಯವರೆಲ್ಲ ಕೂತು ಮಾತಾಡಿ. ಒಂದು ಅಂದರೆ ಸೀಟು ಒಪ್ಪಿಗೆ, ಸೇರುತ್ತೇವೆ. ಎರಡು ಅಂದರೆ ಇದು ಇರಲಿ, ಇನ್ನೂ ಒಳ್ಳೆಯದಕ್ಕೆ ನೋಡುತ್ತೇವೆ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇವೆ. ನಾಲ್ಕು ಅಂದರೆ ಆಟದಿಂದಲೇ ಹೊರಗೆ. ಎಡವುವುದು ಎರಡರಲ್ಲಿ. ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕರೆ ಹಳೆಯ ಸೀಟು ತಾನಾಗಿ ಹೋಗುತ್ತದೆ, ಅತ್ತರೂ ಬರುವುದಿಲ್ಲ. ಟ್ಯೂಷನ್ ಫೀಸ್ ಇಲ್ಲದ ಎಸ್‌ಎನ್‌ಕ್ಯೂ ಸೀಟು ಒಪ್ಪಿಕೊಂಡರೆ ಮುಂದೆ ಕಾಲೇಜು ಬದಲಾಯಿಸುವ ಯೋಚನೆ ಬಿಡಿ.

ಸರ್ಕಾರಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವುದು ರಾಜ್ಯ ಸರ್ಕಾರದ ಎಸ್‌ಎಸ್‌ಪಿ (ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್) ಪೋರ್ಟಲ್‌ನಲ್ಲಿ. ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರ್ ಬೇಕು. ನಾಡಕಚೇರಿಗೆ ಈಗಲೇ ಹೋಗಿ, ಕೊನೆಯ ವಾರ ಎಲ್ಲರೂ ಅಲ್ಲೇ ಇರುತ್ತಾರೆ. ಆಧಾರ್‌ನಲ್ಲಿರುವ ಹೆಸರು ಮಾರ್ಕ್ಸ್ ಕಾರ್ಡಿನಲ್ಲಿರುವ ಹಾಗೇ ಇರಲಿ. ದುಡ್ಡು ಬರುವುದು ಆಧಾರ್ ಕೊನೆಗೆ ಜೋಡಣೆಯಾದ ಖಾತೆಗೆ. ಒಬ್ಬ ಹುಡುಗಿಯ ಹಣ ಸಿಮ್ ತಗೊಳ್ಳುವಾಗ ಗೊತ್ತಿಲ್ಲದೆ ತೆರೆದ ಖಾತೆಯಲ್ಲಿ ಕೂತಿತ್ತು. ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಅಲೆದದ್ದೇ ಬಂತು.

ಆಂಧ್ರದ ಹಿಂದೂಪುರ, ಮಡಕಶಿರಾ ಕಡೆಯಿಂದ ಬಂದವರು ಗಮನಿಸಿ. ಎಸ್‌ಸಿ ಪೋಸ್ಟ್ ಮೆಟ್ರಿಕ್ (ಎಸ್ಸೆಸ್ಸೆಲ್ಸಿ ನಂತರದ ಓದಿನ) ಸ್ಕಾಲರ್‌ಶಿಪ್ ಕೊಡುವುದು ನೀವು ಯಾವ ರಾಜ್ಯದ ಖಾಯಂ ನಿವಾಸಿಯೋ ಆ ರಾಜ್ಯ, ಮಗು ಎಲ್ಲಿ ಓದಿದರೂ ಸರಿ. ರಾಯಚೂರು, ಕಲಬುರಗಿ ಕಡೆಯವರು ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾಗುವ 371ಜೆ ಸರ್ಟಿಫಿಕೇಟ್ ಊರಲ್ಲೇ ಬಿಟ್ಟು ಬರಬೇಡಿ.

ಅಮೆರಿಕಕ್ಕೆ ಎಂಎಸ್, ಪಿಎಚ್‌ಡಿಗೆ ಹೊರಟವರೂ ವರ್ಷಕ್ಕೆ ಒಬ್ಬಿಬ್ಬರು ಸಿಗುತ್ತಾರೆ. ಅಲ್ಲಿನ ವಿಶ್ವವಿದ್ಯಾಲಯಗಳ ನಡುವಿನ ಏಪ್ರಿಲ್ 15ರ ಒಪ್ಪಂದಕ್ಕೆ ಸಹಿ ಹಾಕಿದವು ಫೆಲೋಶಿಪ್ (ಓದಿಗೆ ಕೊಡುವ ಧನಸಹಾಯ), ಅಸಿಸ್ಟೆಂಟ್‌ಶಿಪ್‌ಗೆ (ಅಲ್ಲೇ ಕೆಲಸ ಮಾಡಿದ್ದಕ್ಕೆ ಕೊಡುವ ನೆರವು) ಆ ದಿನಕ್ಕೂ ಮುಂಚೆ ಉತ್ತರ ಕೊಡಲೇಬೇಕು ಅನ್ನುವಂತಿಲ್ಲ. ಮೊದಲೇ ಒಪ್ಪಿದ್ದರೂ ಆ ದಿನದವರೆಗೆ ಬರೆದುಕೊಟ್ಟು ಬಿಡಬಹುದು.

ಸಂಘಕ್ಕೆ ಬರುವಾಗ ಕಾಲೇಜಿನ ಪತ್ರ, ಫೀಸ್ ರಸೀದಿ, ಆಧಾರ್ ತನ್ನಿ. ಒರಿಜಿನಲ್ ಬೇಡ, ಜೆರಾಕ್ಸ್ ಸಾಕು.